ಮಾತಿನ ಪಾಳಿ

ನಮ್ಮೂರಿನಲ್ಲಿ ಏಳು ದಿನ ಯಾರೂ ಮಾತಾಡದ ಮನೆಯೊಳಗೆ ಎಂಟನೆಯ ದಿನ ಮಧ್ಯಾಹ್ನ ಹಿಮ ಬೀಳುತ್ತದೆ. ಸೂರಿನ ಮೇಲೆ ಕೂತಿದ್ದ ಹಿಮವೆಲ್ಲ ಒಳಗಿಳಿದುಬಿಡುತ್ತದೆ. ಅಕ್ಕಪಕ್ಕದ ಮನೆಗಳು ಬೆಳ್ಳಗಿರುವಾಗ ಅದೊಂದು ಮನೆಯ ಹೆಂಚು ಮಾತ್ರ ಬೋಳಾಗಿ, ಕೆಂಪಗೆ, ಎಲ್ಲರಿಗೂ ಕಾಣುವಂತೆ ನಿಲ್ಲುತ್ತದೆ. ಉಪ್ಪು ಕೊಡು, ಬಾಗಿಲು ಹಾಕು ಎಂಬ ಮಾತುಗಳು ಲೆಕ್ಕಕ್ಕಿಲ್ಲ. ರೇಡಿಯೋ ಲೆಕ್ಕಕ್ಕಿಲ್ಲ, ಫೋನಿನೊಳಗಿನ ದನಿ ಲೆಕ್ಕಕ್ಕಿಲ್ಲ, ಬಾಯಿಪಾಠವೂ ಇಲ್ಲ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳಲೇಬೇಕೆಂದು ಎದೆಯಲ್ಲಿಟ್ಟುಕೊಂಡ ಮಾತೇ ಆಗಬೇಕು. ಆ ಇನ್ನೊಬ್ಬ ಎದುರಿಗಿರಬೇಕೆಂದೇನೂ ಇಲ್ಲ. ಹಿಂದೆಲ್ಲ ಇದು ಯಾರಿಗೂ ಹೊರೆಯಾಗಿರಲಿಲ್ಲ. ನೆಂಟರ ಮನೆಗೆ ಹೊರಟವರು ಪಕ್ಕದ ಮನೆಯವಳ ಕೈಗೆ ಬೀಗದ ಕೈ ಕೊಟ್ಟು, "ನಡುವೆ ಒಂದ್ಸಲ ಹೋಗಿ ಎರಡ್ ಮಾತಾಡ್ಬುಟ್ಟು ಬಾರವ್ವ" ಅನ್ನುತ್ತಿದ್ದರು. ಅವಳು ಹೋಗಿ, ಒಲೆಯ ಮುಂದೆ ಕೂತು, ತನ್ನ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಆ ಮನೆಯಲ್ಲಿ ಇಳಿಸಿ ಹಗುರಾಗಿ ಬರುತ್ತಿದ್ದಳು.

ಆಮೇಲೆ ಬಯಲಿನವರು ಬಂದರು. ಮೊದಲು ರೋಪ್‌ವೇ ಕಂಬ ನೆಟ್ಟರು. ಕುರಿ ಮೇಯುತ್ತಿದ್ದ ಇಳಿಜಾರನ್ನು ಸ್ಕೀ ಆಡುವ ಪಟ್ಟಿ ಮಾಡಿದರು. ಅದರ ನೆತ್ತಿಗೆ ಹತ್ತತ್ತು ಅಂತಸ್ತಿನ ಒಂಬತ್ತು ಕಟ್ಟಡ ಎಬ್ಬಿಸಿ ಫ್ಲಾಟು ಫ್ಲಾಟಾಗಿ ಮಾರಿಕೊಂಡರು. ಕೊಂಡವರು ವರ್ಷಕ್ಕೆ ಹತ್ತು ದಿನ ಬರುತ್ತಾರೆ. ಬಾಲ್ಕನಿಯಲ್ಲಿ ಬಿಸಿ ಲೋಟ ಹಿಡಿದು ನಿಂತು, ಬೆಟ್ಟ ಬೆನ್ನಿಗೆ ಬರುವ ಹಾಗೆ ತಮ್ಮ ಫೋಟೋ ತಾವೇ ತೆಗೆದುಕೊಂಡು ಹೋಗುತ್ತಾರೆ. ಉಳಿದ ಮುನ್ನೂರ ಐವತ್ತೈದು ದಿನ ಪರದೆ ಎಳೆದ ಕಿಟಕಿಗಳು ನಮ್ಮ ಕೆಳಗಿನ ಕೇರಿಯನ್ನು ಕುರುಡರ ಹಾಗೆ ದಿಟ್ಟಿಸುತ್ತವೆ. ಮೊದಲ ಚಳಿಗಾಲದಲ್ಲೇ ಆ ಫ್ಲಾಟುಗಳೊಳಗೆಲ್ಲ ಹಿಮ ಬಿದ್ದಿತು. ಊರವರಿಗೆ ಖುಷಿಯೋ ಖುಷಿ. ಪುರಸಭೆಯಲ್ಲಿ ಸಭೆ ಸೇರಿ ಕಾನೂನು ಮಾಡಿದರು: ಒಂದೇ ಚಳಿಗಾಲದಲ್ಲಿ ಮೂರು ಸಲ ಒಳಗೆ ಹಿಮ ಬಿದ್ದ ಮನೆ ತೆರವು ಮನೆ, ಅದನ್ನು ಹರಾಜು ಹಾಕತಕ್ಕದ್ದು. ನಮ್ಮಪ್ಪ ಎರಡೂ ಕೈ ಎತ್ತಿದ್ದನಂತೆ. ಇನ್ನೇನು ಬಯಲಿನವರು ಗಂಟು ಕಟ್ಟಿದರು ಎಂದು ಕೇರಿಯಲ್ಲಿ ಬೆಲ್ಲ ಹಂಚಿದರು. ಹರಾಜಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದು ಎಂದು ಕೊನೆಯಲ್ಲಿ ಬರೆದಿದ್ದ ಸಾಲನ್ನು ಅಂದು ಯಾರೂ ಓದಲಿಲ್ಲ.

ಬಯಲಿನವರು ಗಂಟು ಕಟ್ಟಲಿಲ್ಲ. ನಮ್ಮನ್ನು ಕೆಲಸಕ್ಕಿಟ್ಟುಕೊಂಡರು. ಕಟ್ಟಡಗಳ ಆಫೀಸು ತೆರೆದು, ಕೇರಿಯ ಹೆಂಗಸರನ್ನು ಕರೆದು, ಒಬ್ಬೊಬ್ಬರಿಗೆ ಹದಿನೈದು ಫ್ಲಾಟಿನ ಬೀಗದ ಕೈ ಕೊಟ್ಟು, ದಿನಕ್ಕೆ ಎರಡು ಮೂರರಂತೆ ಹೋಗಿ ಮಾತಾಡಿ ಬನ್ನಿ ಎಂದರು. ಅದಕ್ಕೆ ಮಾತಿನ ಪಾಳಿ ಎಂದು ಹೆಸರು. ಕುರಿ ಕಾಯಲು ಇಳಿಜಾರಿರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ. ಅವ್ವ ಹೋದಳು. ಕೆಳಗೆ ಬಯಲಿನ ಕಾಲೇಜಿನಲ್ಲಿ ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದ ಮೇಲೆ ನಾನೂ ಹೋದೆ. ನಾವು ಮಾಡಿದ ಕಾನೂನನ್ನು ಅವರು ನಮ್ಮ ನಾಲಿಗೆಯಿಂದಲೇ ಕಟ್ಟಿಹಾಕಿದರು.

ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಹಾಸ್ಟೆಲಿನಲ್ಲಿ ಎಲ್ಲರೂ ಮಲಗಲಿ, ಆ ಸದ್ದಿಲ್ಲದಿರುವಿಕೆ ಒಂದಿಷ್ಟು ನನ್ನದಾಗಲಿ ಎಂದು ಕಾಯುತ್ತಿದ್ದವಳು. ಮೌನದಲ್ಲಿ ಎಷ್ಟು ಬಗೆ ಇವೆ ಎಂದು ಬರೆಯುತ್ತ ನೋಟುಪುಸ್ತಕ ತುಂಬಿಸಿದ್ದೆ. ಮಳೆ ನಿಂತ ಮೇಲಿನದು, ಉಂಡ ಮೇಲಿನದು, ಜಗಳದ ನಡುವೆ ಬರುವುದು. ಆದರೆ ಖಾಲಿ ಫ್ಲಾಟಿನೊಳಗಿನದು ಇವು ಯಾವುದರ ನೆಂಟಸ್ತಿಕೆಯೂ ಇಲ್ಲದ್ದು. ಬಿಳಿ ಬಟ್ಟೆ ಹೊದ್ದ ಸೋಫಾ, ತಂತಿ ಕಿತ್ತ ಫ್ರಿಜ್ಜು, ಯಾರೂ ಉಣ್ಣದ ಊಟದ ಮೇಜು. ಅದರ ನಡುವೆ ನಿಂತು ನಾನು ಮಾತಾಡಬೇಕು. ಹಾಸ್ಟೆಲಿನ ತಮಾಷೆಗಳು ಮೊದಲ ತಿಂಗಳಿಗೇ ಖರ್ಚಾದವು. ಆಮೇಲೆ ಊರ ಸುದ್ದಿ ಹೋಯಿತು, ಬೇಸರ ಹೋಯಿತು. ಓದುವಾಗ ನನ್ನನ್ನು ಇಷ್ಟಪಟ್ಟು, ಆಮೇಲೆ ಪತ್ರ ಬರೆಯುವುದನ್ನು ನಿಲ್ಲಿಸಿದ ಒಬ್ಬನ ಕಥೆ ಇತ್ತು. ಅವ್ವನಿಗೆ ಎಂದಾದರೂ ಹೇಳಬೇಕೆಂದು ಎರಡು ವರ್ಷ ಇಟ್ಟುಕೊಂಡಿದ್ದೆ. ಒಂದು ದಿನ ಹೇಳಲು ಬೇರೇನೂ ಸಿಗದೆ ಅದನ್ನು ಆರುನೂರ ಹದಿನಾಲ್ಕನೆಯ ನಂಬರಿನ ಫ್ಲಾಟಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ಮನೆಗೆ ಬಂದು ಅವ್ವನ ಮುಖ ನೋಡಿದರೆ, ಹೇಳಬೇಕೆನ್ನುವ ಆ ತವಕವೇ ಇರಲಿಲ್ಲ. ಅದು ಆ ಫ್ಲಾಟಿನ ಗೋಡೆಯಲ್ಲಿತ್ತು.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತಿತ್ತು, ಆದರೆ ಅವ್ವನ ವಿಷಯದಲ್ಲಿ ಆದದ್ದನ್ನು ನನಗೆ ಸಹಿಸಲಾಗಲಿಲ್ಲ. ಪುಟ್ಟಸಿದ್ದಮ್ಮ ಎಂದರೆ ಕೇರಿಗೇ ಬಾಯಿ. ನೀರಿಗೆ ಹೋದರೆ ಕೊಡ ತುಂಬಿ ಚೆಲ್ಲಿದರೂ ಅವಳ ಮಾತು ಮುಗಿಯುತ್ತಿರಲಿಲ್ಲ. ಅಪ್ಪ ಕೆಂಪಯ್ಯ, ರೋಪ್‌ವೇಯಲ್ಲಿ ಬಾಗಿಲು ಹಾಕಿ ತೆಗೆಯುವ ಕೆಲಸದವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವಳ ಮಾತಿನ ನೆರಳಲ್ಲೇ ಅವನು ಬಾಳಿದ್ದ. ಈಗ ಅವಳು ಮೇಲಿನಿಂದ ಇಳಿದು ಬಂದವಳು ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ನೀರು ಬೇಕಾದರೆ ಲೋಟದ ಕಡೆ ಗಲ್ಲ ಆಡಿಸುತ್ತಿದ್ದಳು. "ಏನವ್ವ, ಆಯಾಸವಾ?" ಎಂದರೆ ಕೈ ಬೀಸುತ್ತಿದ್ದಳು. ನಾನು ಆ ಮೌನವನ್ನು ಎಷ್ಟೋ ದಿನ ದಣಿವೆಂದೇ ತಿಳಿದು, ಒಳಗೊಳಗೇ ಇಷ್ಟವೂ ಪಟ್ಟಿದ್ದೆ. ಮೂವರೂ ಒಲೆಯ ಸುತ್ತ ಸುಮ್ಮನೆ ಕೂರುವುದು ನೆಮ್ಮದಿಯೇ ಇರಬೇಕು ಎಂದುಕೊಂಡಿದ್ದೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಚಳಿಗಾಲದ ನಡುವೆ ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ಹುರುಳಿ ಸಾರಿನ ಮಡಕೆಯ ಮೇಲೆ ಒಂದು ಗೇಣು ಹಿಮ ಕೂತಿತ್ತು. ಹಾಸಿಗೆ, ಕಂಬಳಿ, ದೇವರ ಗೂಡು, ಎಲ್ಲದರ ಮೇಲೂ. ಹೊರಗೆ ನಮ್ಮ ಹೆಂಚು ಬೋಳಾಗಿತ್ತು. ಪುರಸಭೆಯವನು ಬಂದು ಬಾಗಿಲ ಚೌಕಟ್ಟಿನ ಮೇಲೆ ಕೆಂಪು ಬಣ್ಣದ ಒಂದು ಗೆರೆ ಎಳೆದ. ಹದಿನೆಂಟು ದಿನ ಕಳೆದ ಮೇಲೆ ಇನ್ನೊಂದು ಗೆರೆ. ಎರಡನೆಯದನ್ನು ಎಳೆಯುವಾಗ ಅವನಿಗೂ ಕಷ್ಟವಾಯಿತು. "ತಪ್ ತಿಳ್ಕಬ್ಯಾಡ ಕೆಂಪಣ್ಣ. ನೀನೇ ಕೈ ಎತ್ತಿದ್ ಕಾನೂನು," ಎಂದ. ಅಪ್ಪ, "ಎಳಿ," ಎಂದ. ಕೇರಿಯಲ್ಲಿ ಆ ವರ್ಷ ಎರಡು ಗೆರೆ ಬಿದ್ದ ಮೊದಲ ಮನೆ ನಮ್ಮದೇ ಆಗಿತ್ತು. ದುಡಿಯಲು ಮನೆಯಲ್ಲಿ ಮೂವರೂ ಹೊರಗೆ ಹೋಗುತ್ತಿದ್ದವರು ನಾವೇ ಅಲ್ಲವೇ.

ಅದಾದ ಮೇಲೆ ನಾವು ದಿನ ಎಣಿಸತೊಡಗಿದೆವು. ಬುಧವಾರ ಸಂಜೆ ಅಪ್ಪನಿಗೆ ರೋಪ್‌ವೇಯಲ್ಲಿ ಕೈ ಸಿಕ್ಕಿಕೊಂಡು ಬೆರಳಿಗೆ ಗಾಯವಾಗಿ, ಅದರ ಸುದ್ದಿ ಮನೆಯಲ್ಲಿ ಒಂದಷ್ಟು ಹೊತ್ತು ನಡೆಯಿತು. ಅದೇ ಕೊನೆ. ಮುಂದಿನ ಗುರುವಾರ ಮಧ್ಯಾಹ್ನದೊಳಗೆ ಮತ್ತೊಂದು ಮಾತು ಹುಟ್ಟದಿದ್ದರೆ ಮೂರನೆಯ ಗೆರೆ.

ಆ ಗುರುವಾರಕ್ಕೆ ಎರಡು ದಿನ ಮುಂಚೆ, ಮಂಗಳವಾರ, ಆರುನೂರ ಹದಿನಾಲ್ಕರ ಮಾಲೀಕರು ಬಂದಿದ್ದಾರೆ, ನಿನ್ನನ್ನು ಕರೆಯುತ್ತಿದ್ದಾರೆ ಎಂದು ಮೇಲ್ವಿಚಾರಕ ಶಾಂತರಾಜು ಹೇಳಿಕಳಿಸಿದ. ಹೋದೆ. ಭಾರ್ಗವ ಸಾಹೇಬರು ನಲವತ್ತೈದರ ಆಸುಪಾಸಿನವರು, ದಪ್ಪ ಉಣ್ಣೆಯ ಕಾಲುಚೀಲ ಹಾಕಿ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದರು. ನನ್ನನ್ನು ಬಾಗಿಲ ಬಳಿಯ ಕುರ್ಚಿ ತೋರಿಸಿ ಕೂರಿಸಿದರು. ಒಳ್ಳೆಯವರೇ. ಸಿಟ್ಟು ಬರಲು ಅದೂ ಒಂದು ಕಾರಣ.

"ನೀವೇನಾ ಇಲ್ಲಿ ಮಾತಾಡೋರು? ಎರಡು ವರ್ಷದಿಂದ?"

"ಹೌದು."

"ನಿಮ್ಮ ಹೆಸರು?"

"ದೇವೀರಿ."

"ನೋಡಿ, ತಪ್ಪು ತಿಳ್ಕೋಬೇಡಿ. ಈ ಸಲ ಬಂದಾಗಿಂದ ಮನೆ ಯಾಕೋ ಭಾರ ಅನ್ನಿಸ್ತಿದೆ. ನಮ್ಮ ಮನೆಯವರು ಕೂಡ ಹೇಳಿದರು, ಯಾರೋ ಇಲ್ಲಿ ಕೂತು ಅತ್ತ ಹಾಗಿದೆ ಅಂತ. ನಾವು ಬರೋದು ಹತ್ತು ದಿನ, ಮನಸ್ಸು ಹಗುರ ಮಾಡ್ಕೊಳ್ಳೋಕೆ. ಅದಕ್ಕೇ ಒಂದು ಚೀಟಿ ಬರೆದು ಅಂಟಿಸಿದ್ದೀನಿ."

ಅಡುಗೆಮನೆಯ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಚೆಂದದ ಅಕ್ಷರ. "ದಯವಿಟ್ಟು ಇಲ್ಲಿ ಒಳ್ಳೆಯ ಮಾತನ್ನಷ್ಟೇ ಆಡಿ. ಅಳು, ಕಾಯಿಲೆ, ಸಾವು, ದೂರು ಬೇಡ. ಧನ್ಯವಾದಗಳು." ನಾನು ಅದನ್ನು ಎರಡು ಸಲ ಓದಿದೆ. ನನ್ನ ಎರಡು ವರ್ಷ ಆ ಗೋಡೆಗಳೊಳಗಿತ್ತು. ಅವರಿಗೆ ಅದು ವಾಸನೆ ಹೊಡೆಯುತ್ತಿತ್ತು.

"ಆಯಿತು ಸಾರ್," ಎಂದೆ.

"ಇನ್ನೊಂದು ಖುಷಿ ಸುದ್ದಿ ಇದೆ ನಿಮಗೆ," ಎಂದರು. "ಈ ಫ್ಲಾಟು ಚೆನ್ನಾಗೇ ಇದೆ, ಆದರೆ ನಂಗೆ ಮರದ ತೊಲೆ, ಕಲ್ಲಿನ ಒಲೆ ಇರೋ ಹಳೇ ಮನೆ ಒಂದು ಬೇಕು ಅಂತ ಬಹಳ ದಿನದ ಆಸೆ. ಕೆಳಗಿನ ಕೇರಿಯಲ್ಲಿ ಒಂದು ಮನೆಗೆ ಎರಡು ಗೆರೆ ಬಿದ್ದಿದೆಯಂತೆ. ಮೂರನೇದು ಈ ವಾರವೇ ಬೀಳಬಹುದು ಅಂತ ಶಾಂತರಾಜು ಹೇಳಿದ. ಹೊರಗಿಂದ ನೋಡಿಕೊಂಡು ಬಂದೆ. ಬಾಗಿಲ ಮೇಲೆ ಎರಡು ಕುರಿ ಕೆತ್ತಿದಾರೆ ನೋಡಿ, ಆ ಮನೆ. ಎಷ್ಟು ಚೆಂದ. ಅದು ನಂಗೆ ಸಿಕ್ಕರೆ ಅಲ್ಲಿಯ ಮಾತಿನ ಕೆಲಸವೂ ನಿಮಗೇ ಕೊಡಿಸ್ತೀನಿ. ನೀವೂ ಕೆಳಗಿನ ಕೇರಿಯವರೇ ಅಲ್ವಾ? ನಿಮಗೂ ಹತ್ತಿರ."

ಆ ಎರಡು ಕುರಿಗಳನ್ನು ಕೆತ್ತಿದವನು ನಮ್ಮಜ್ಜ. ಒಂದಕ್ಕೆ ಕೊಂಬು ಮುರಿದಿದೆ, ಎಂಟು ವರ್ಷದವಳಿದ್ದಾಗ ನಾನು ಅದಕ್ಕೆ ಹಗ್ಗ ಕಟ್ಟಿ ಉಯ್ಯಾಲೆ ಆಡಲು ಹೋಗಿ ಮುರಿದದ್ದು. ಹೇಳಬಹುದಿತ್ತು. ಹೇಳಲಿಲ್ಲ. ಆ ಫ್ಲಾಟಿಗೆ ನನ್ನಿಂದ ಇನ್ನೊಂದು ಮಾತೂ ಸಲ್ಲಬಾರದು ಎಂಬ ಹಟ ಹುಟ್ಟಿತು. ತಲೆಯಾಡಿಸಿ ಎದ್ದು ಬಂದೆ.

ಬುಧವಾರ ಸಂಜೆ ಊಟಕ್ಕೆ ಕೂತಾಗ ಭಾರ್ಗವರ ವಿಷಯವನ್ನೇ ಎತ್ತೋಣವೆಂದಿದ್ದೆ. ಆದರೆ ಮೂರನೆಯ ಗೆರೆಗೆ ಹೆದರಿಯೇ ಆಡುವ ಮಾತು ಬಾಯಿಗೆ ಬರುವ ಹೊತ್ತಿಗೆ ಮನೆಗೆ ಒಪ್ಪಿಸುವ ಪಾಳಿಯ ಮಾತಾಗಿಬಿಡುತ್ತದೆ. ಆದರೂ ಹೇಳಿದೆ. ಹೇಳಿ ತಲೆ ಎತ್ತಿ ಸೂರಿನ ತೊಲೆ ನೋಡಿದೆ. ಅಪ್ಪನೂ ನೋಡಿದ. ತೊಲೆಯ ಸಂದಿನಲ್ಲಿ ಬೆಳ್ಳಗೆ ಬೂಷ್ಟು ಹಿಡಿದ ಹಾಗೆ ಹಿಮ ಇಣುಕುತ್ತಿತ್ತು, ಹಾಗೆಯೇ ಇತ್ತು. ಲೆಕ್ಕಕ್ಕೆ ಬರಲಿಲ್ಲ. "ಸಾರು ಚೆನ್ನಾಗೈತೆ," ಎಂದ ಅಪ್ಪ, ತನ್ನ ಪಾಲಿನ ಪ್ರಯತ್ನವೆಂಬಂತೆ. ಅವ್ವ ರೊಟ್ಟಿ ಮುರಿಯುತ್ತ ಯಾವುದೋ ದೂರದ ಕಡೆ ನೋಡುತ್ತಿದ್ದಳು.

"ಅವ್ವ, ಏನಾರ ಹೇಳವ್ವ. ನೀನು ಹೇಳಿದ್ರೆ ಆಯ್ತದೆ."

"ಎಲ್ಲಾ ಅಲ್ಲೇ ಆಗೋಯ್ತು ಕಣವ್ವ," ಎಂದಳು.

ಗುರುವಾರ ಬೆಳಿಗ್ಗೆ ನಾನು ಏಳುವ ಮುಂಚೆಯೇ ಅವಳು ಪಾಳಿಗೆ ಹೋಗಿದ್ದಳು. ಅಪ್ಪ ರಜೆ ಹಾಕಿ, ಹಿಮ ಬಾಚುವ ಸಲಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಪಕ್ಕ ಕೂತಿದ್ದ. ಮನೆ ಹೋಗುವ ದಿನವೂ ಇವಳಿಗೆ ಆ ಫ್ಲಾಟುಗಳೇ ಹೆಚ್ಚಾದವೇ ಎಂದು ನನಗೆ ಮೈ ಉರಿದುಹೋಯಿತು. ಕರೆದು ತರುತ್ತೇನೆ ಎಂದು ಮೇಲೆ ಹತ್ತಿದೆ. ಮೂರನೆಯ ಕಟ್ಟಡದ ಎಂಟನೆಯ ಅಂತಸ್ತಿನಲ್ಲಿ ಅವ್ವನ ಚಪ್ಪಲಿ ಒಂದು ಬಾಗಿಲ ಹೊರಗಿತ್ತು. ಒಳಗಿಂದ ಅವಳ ದನಿ ಬರುತ್ತಿತ್ತು. ಎಷ್ಟೋ ತಿಂಗಳಿಂದ ನಾನು ಕೇಳಿರದ ಅವಳ ನಿಜವಾದ ದನಿ, ನೀರಿಗೆ ಹೋದಾಗಿನ ದನಿ.

"...ಕಂಬ ಹೊತ್ಕಂಡಿದ್ ಲಾರಿ ತಿರುವ್ನಲ್ಲಿ ಅಡ್ಡ ನಿಂತ್ಬುಟ್ಟಿತ್ತು. ಡಾಕ್ಟ್ರು ಕೆಳ್ಗೇ ಉಳ್ಕಂಡ್ರು. ಮಗಾ ಕಾದ ಹಂಚಿನಂಗೆ ಸುಡ್ತಿತ್ತು ಮೈ. ಕಣ್ ಬುಟ್ಟು ನನ್ನೇ ನೋಡ್ತಿತ್ತು. ಗಂಡ್ ಮಗ. ಒಂಬತ್ ದಿನ ಇದ್ದ. ಕಿವಿ ಮಾತ್ರ ಥೇಟ್ ಅವರಪ್ಪಂದೇ..."

ನಾನು ಬಾಗಿಲಿಗೆ ಕೈ ಇಟ್ಟವಳು ಹಾಗೆಯೇ ನಿಂತೆ. ನನಗೊಬ್ಬ ಅಣ್ಣನಿದ್ದ. ಇಪ್ಪತ್ತನಾಲ್ಕು ವರ್ಷ ನನಗೆ ಗೊತ್ತಿರಲಿಲ್ಲ. ಬಿಳಿ ಬಟ್ಟೆ ಹೊದ್ದ ಯಾರದೋ ಸೋಫಾಕ್ಕೆ ಗೊತ್ತಿತ್ತು. ಬಾಗಿಲು ತಳ್ಳಿದೆ. ಅವ್ವ ಕಿಟಕಿಯ ಪರದೆಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಳು, ಬೆಚ್ಚಿಬಿದ್ದಳು.

"ಇಲ್ಲಿ ಹೇಳ್ತಿಯಾ? ಈ ಗೋಡೆಗೆ?"

"ಮೆಲ್ಲುಗ್ ಮಾತಾಡು, ಅಕ್ಕಪಕ್ಕದವ್ರು ಕೇಳ್ಕತಾರೆ."

"ಅಕ್ಕಪಕ್ಕ ಯಾರವ್ರೆ ಅವ್ವ? ಇಡೀ ಕಟ್ಟಡದಲ್ಲಿ ನಾವಿಬ್ರೇ ಇರದು. ನಂಗ್ಯಾಕ್ ಹೇಳ್ನಿಲ್ಲ?"

"ಯಾರೂ ಇಲ್ಲ ಅಂತ್ಲೇ ಇಲ್ಲಿ ಹೇಳಿದ್ದು. ಮನೇಲಿ ಹೇಳಿದ್ರೆ ನಿಮ್ಮಪ್ಪ ಉಣ್ಣಲ್ಲ."

ಅವಳ ಕೈ ಹಿಡಿದು ಎಬ್ಬಿಸಿದೆ. ಇಳಿಜಾರಿನಲ್ಲಿ ಅವಳನ್ನು ಎಳೆದುಕೊಂಡೇ ಇಳಿದೆ. ಸ್ಕೀ ಆಡುತ್ತಿದ್ದವರು ಬಣ್ಣಬಣ್ಣದ ಕನ್ನಡಕದೊಳಗಿಂದ ನೋಡುತ್ತ ನಮ್ಮ ಪಕ್ಕದಲ್ಲೇ ಜಾರಿಹೋದರು. ಅವ್ವ ಎರಡು ಸಲ ಬಿದ್ದಳು. ನಾನು ಎತ್ತಿದೆ, ಆದರೆ ಮೆತ್ತಗೆ ಎತ್ತಲಿಲ್ಲ. ಅವಳ ಮೇಲೆ, ಅಪ್ಪನ ಮೇಲೆ, ಆ ಕಾನೂನಿನ ಮೇಲೆ, ಕಾಲುಚೀಲದ ಆ ಒಳ್ಳೆಯ ಮನುಷ್ಯನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಮೌನವನ್ನು ಹಾಡಿಹೊಗಳಿ ನೋಟುಪುಸ್ತಕ ತುಂಬಿಸಿದ ನನ್ನ ಮೇಲೆ, ಒಂದೇ ಸಿಟ್ಟು. ನಮ್ಮ ಮನೆಯಲ್ಲಿದ್ದದ್ದು ನೆಮ್ಮದಿಯಾಗಿರಲಿಲ್ಲ. ಮೂವರೂ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಬೇರೆಯವರ ಮನೆಯಲ್ಲಿ ಬಿಚ್ಚುತ್ತಿದ್ದೆವು, ಅಷ್ಟೆ.

ಮನೆಗೆ ಬಂದಾಗ ಹನ್ನೊಂದೂಮುಕ್ಕಾಲು. ಅಪ್ಪ ಸಲಿಕೆಯ ಹಿಡಿಯನ್ನು ಸವರುತ್ತಿದ್ದ. "ಬುಡು ದೇವೀರಿ. ಬೀಳದು ಬೀಳ್ಲಿ," ಎಂದ.

"ಅಪ್ಪ, ನಂಗೊಬ್ಬ ಅಣ್ಣ ಇದ್ನಂತೆ."

ಸಲಿಕೆಯ ಮೇಲೆ ಅವನ ಕೈ ನಿಂತಿತು. ಅವ್ವ ಬಾಗಿಲಲ್ಲೇ ನಿಂತು, ಬಟ್ಟೆಗೆ ಮೆತ್ತಿದ ಹಿಮವನ್ನೂ ಕೊಡವದೆ, ಅವನ ಕಡೆ ನೋಡದೆ, "ಒಂಬತ್ ದಿನ ಇದ್ದ ಅಂತ ಹೇಳ್ದೆ," ಎಂದಳು.

ಹನ್ನೆರಡು ಹತ್ತಿರವಾಗುತ್ತಿತ್ತು. ತೊಲೆಯ ಸಂದಿನಿಂದ ಹಿಮದ ಒಂದು ಹಳಕು ಬಿಡಿಸಿಕೊಂಡು, ಅವಸರವಿಲ್ಲದೆ ಕೆಳಗಿಳಿದು, ಒಲೆಯ ಕಲ್ಲಿನ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು.

"ಹತ್ತು," ಎಂದ ಅಪ್ಪ.

"ಏನು?"

"ಹತ್ತು ದಿನ. ಒಂಬತ್ತಲ್ಲ."

"ಹೆತ್ತೋಳು ನಾನು. ನಂಗೊತ್ತಿಲ್ವ?"

"ಎತ್ಕಂಡ್ ಹೋದೋನು ನಾನು." ಅಪ್ಪನ ದನಿ ಒಡೆದಿತ್ತು, ಬಹಳ ದಿನ ತೆಗೆಯದ ಬಾಗಿಲಿನ ಸದ್ದಿನ ಹಾಗೆ. "ಹನ್ನೊಂದ್ನೇ ದಿನಕ್ಕೆ ಹೆಸ್ರಿಡದು ಅಂತ ಅಂಗ್ಡಿಯಿಂದ ಅಕ್ಕಿ ತಂದಿಟ್ಟಿದ್ದೆ. ಅವತ್ತೇ ಬೆಳಗ್ಗೆ ಆ ಅಕ್ಕೀನ ವಾಪಸ್ ತಗಂಡ್ ಹೋಗಿ ಕೊಟ್ಟೆ. ಅಂಗಡಿಯೋನು ಯಾಕೆ ಅಂತ ಕೇಳ್ನಿಲ್ಲ. ಹಿಂದಿನ್ ದಿನ ಹೋಗಿದ್ದ ಮಗ. ಹತ್ತು."

"ಅಕ್ಕಿ ತಂದಿದ್ದು ನಂಗೆ ಯಾಕ್ ಹೇಳ್ನಿಲ್ಲ ನೀನು?"

"ಹೇಳಿ ಏನ್ ಮಾಡ್ಬೇಕಿತ್ತು?"

"ಅಳ್ಬೇಕಿತ್ತು. ಇನ್ನೇನ್ ಮಾಡ್ಬೇಕಿತ್ತು? ಒಂದ್ ದಿನ, ಒಂದೇ ಒಂದ್ ದಿನ ಅವನ್ ಸುದ್ದಿ ಎತ್ತಿದ್ದೀಯಾ ನೀನು? ಕಲ್ಲಿನಂಗೆ ಕೂತ್ಕಂಡಿದ್ದೆ. ನಿಂಗೆ ಮರ್ತೇ ಹೋಗೈತೆ ಅನ್ಕಂಡೆ ನಾನು. ಇಪ್ಪತ್ತಾರು ವರ್ಷ ಹಂಗೇ ಅನ್ಕಂಡೇ ನಿನ್ ಜೊತೆ ಬಾಳಿದ್ದೀನಿ."

"ಎತ್ತಿದ್ರೆ ನೀನ್ ಉಣ್ತಿರ್ನಿಲ್ಲ."

"ನೀನ್ ಉಣ್ಣಲ್ಲ ಅಂತ ನಾನ್ ಎತ್ನಿಲ್ಲ."

"ಮತ್ತೆ ಉಣ್ತಿದ್ವಲ್ಲ ಇಬ್ರೂವೆ, ಹಂದಿಗಳಂಗೆ," ಎಂದು ಅಪ್ಪ ಸಲಿಕೆಯನ್ನು ಮೂಲೆಗೆ ಎಸೆದ. ಅದು ಕೊಡಕ್ಕೆ ಬಡಿದು ನೀರು ಚೆಲ್ಲಿತು. ಅವ್ವ ಕೊಡದ ವಿಷಯಕ್ಕೂ ಬೈದಳು. ಅಲ್ಲಿಂದ ಅವನ ಅಕ್ಕನ ವಿಷಯಕ್ಕೆ ಹೋದಳು, ಬಾಣಂತನದಲ್ಲಿ ಅವಳು ಇಡದೇ ಹೋದ ಎಣ್ಣೆಯ ವಿಷಯಕ್ಕೆ ಹೋದಳು, ಮತ್ತೆ ಸುತ್ತಿ ಬಂದು ಒಂಬತ್ತೋ ಹತ್ತೋ ಎಂಬಲ್ಲಿಗೇ ನಿಂತಳು. ಅಪ್ಪ ಬಿಡಲಿಲ್ಲ. ನನ್ನ ಆಯುಸ್ಸಿನಲ್ಲಿ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನೂ ಸುಮ್ಮನಿರಲಿಲ್ಲ. ನನಗೆ ಬರೆಯುವುದನ್ನು ನಿಲ್ಲಿಸಿದವನ ಕಥೆಯನ್ನು, ಅದು ಖರ್ಚಾಗಿಹೋಗಿದೆ ಎಂದು ತಿಳಿದಿದ್ದನ್ನು, ಯಾವ ಗಳಿಗೆಯಲ್ಲೋ ಅವ್ವನ ಮುಖಕ್ಕೆ ಎಸೆದೆ. ಅವಳು ತಿರುಗಿ, "ನಂಗೆ ಅವಾಗ್ಲೇ ಗೊತ್ತಿತ್ತು, ನೀನು ಕದ್ದು ಅಂಚೆಯೋನ್ ದಾರಿ ಕಾಯ್ತಿದ್ದಿದ್ದು," ಎಂದಳು.

ಕೇರಿಯವರು ಹೊರಗೆ ಸೇರಿದ್ದರು. ನಮ್ಮ ಸೂರು ಬೋಳಾಗುವುದನ್ನು ನೋಡಲು ಬಂದವರು. ಎದುರುಮನೆಯ ಜವರಮ್ಮ ಬಾಗಿಲಲ್ಲಿ ಇಣುಕಿ, "ಏನ್ರಪ್ಪ ಇದು, ಕಿತ್ತಾಡ್ತಿದ್ದೀರಾ?" ಎಂದು ಕೇಳಿದಳು.

"ಹೂಂ ಕಣಕ್ಕ, ಕಿತ್ತಾಡ್ತಿದ್ದೀವಿ," ಎಂದ ಅಪ್ಪ.

"ಕಿತ್ತಾಡಿ, ಕಿತ್ತಾಡಿ. ಹನ್ನೆರಡೂವರೆ ಆಯ್ತು. ನಿಮ್ ಹೆಂಚು ಬೆಳ್ಳಗೇ ಅವೆ."

ತಲೆ ಎತ್ತಿ ನೋಡಿದೆವು. ತೊಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಲೆಯ ಕಲ್ಲಿನ ಮೇಲೆ ಬಿದ್ದಿದ್ದ ಹಳಕುಗಳು ಕರಗಿ, ಎರಡು ಬೊಟ್ಟಿನಷ್ಟು ಒದ್ದೆಯಾಗಿ ಉಳಿದಿದ್ದವು. ಪುರಸಭೆಯವನು ಬಣ್ಣದ ಡಬ್ಬಿ ಹಿಡಿದು ಬಂದಿದ್ದವನು ಹಾಗೇ ತಿರುಗಿ ಹೋದ. ಅವ್ವ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು. ಅಪ್ಪ ಅವಳ ಪಕ್ಕ ಕೂತ. "ಏನ್ ಹೆಸ್ರು ಇಡ್ಬೇಕು ಅಂತಿದ್ರಿ?" ಎಂದು ಕೇಳಿದೆ. ಅಪ್ಪ ಅವ್ವನ ಕಡೆ ನೋಡಿದ, ಅವಳು ಹೇಳು ಎಂಬಂತೆ ಗಲ್ಲ ಆಡಿಸಿದಳು. "ಸೋಮಣ್ಣ," ಎಂದ ಅಪ್ಪ. "ಕುರಿ ಕೆತ್ತಿದ್ನಲ್ಲ, ನಿಮ್ಮಜ್ಜ, ಅವನ್ ಹೆಸ್ರು."

ಇಲ್ಲಿಗೆ ಮುಗಿಯಿತು ಎಂದು ಹೇಳಿದರೆ ಕೇಳುವವರಿಗೆ ಹಿತವಾಗಿರುತ್ತದೆ. ನನಗೆ ಮುಗಿದಿರಲಿಲ್ಲ. ಭಾರ್ಗವ ಸಾಹೇಬರು ಶುಕ್ರವಾರ ಹೊರಟುಹೋದರು. ಮುಂದಿನ ವಾರದಿಂದ ನಾನು ತಪ್ಪದೆ ಪಾಳಿಗೆ ಹೋದೆ. ಉಳಿದ ಹದಿನಾಲ್ಕು ಫ್ಲಾಟುಗಳಿಗೆ ನನ್ನಲ್ಲಿ ಉಳಿದಿದ್ದ ಚಿಲ್ಲರೆ ಮಾತು ಹಾಕಿದೆ. ಸಿಟ್ಟನ್ನು ಎಲ್ಲ ಮನೆಗೂ ಹಂಚಿದರೆ ತೆಳ್ಳಗಾಗುತ್ತದೆ, ಅದಕ್ಕೆ ಒಂದೇ ವಿಳಾಸ ಸಾಕು ಎಂದುಕೊಂಡೆ. ಆರುನೂರ ಹದಿನಾಲ್ಕರಲ್ಲಿ ಬೀಗ ತೆಗೆದು, ಸೋಫಾದ ಬಟ್ಟೆ ಸರಿಸಿ, ಅವರು ಕೂರುತ್ತಿದ್ದ ಜಾಗದಲ್ಲಿ ಕಾಲು ಮಡಚಿ ಕೂತು, ಅವರ ಚೀಟಿಯನ್ನು ಎದುರಿಗಿಟ್ಟುಕೊಂಡು, ಅರ್ಧ ಗಂಟೆ ಬಾಯಿ ಬಿಡದೆ ಎದ್ದುಬಂದೆ. ಆ ಮೌನವನ್ನು ನಾನು ನೋಟುಪುಸ್ತಕದಲ್ಲಿ ಬರೆದಿರಲಿಲ್ಲ. ಮುಚ್ಚಿದ ಮುಷ್ಟಿಯ ಹಾಗಿತ್ತು ಅದು.

ಶನಿವಾರ ಮಧ್ಯಾಹ್ನ ಅಲ್ಲಿ ಹಿಮ ಬಿದ್ದಿತು. ಹಿಮವೆಲ್ಲ ಒಳಗಿಳಿದು ಬಾಲ್ಕನಿ ಬೋಳಾದದ್ದು ನಮ್ಮ ಕೇರಿಯಿಂದಲೇ ಕಂಡಿತು. ಅದರ ಬಾಗಿಲಿಗೆ ಮೊದಲ ಗೆರೆ. ಶಾಂತರಾಜು ಓಡಿ ಬಂದ.

"ಏನ್ ಮಾತಾಡ್ದೆ ನೀನು ಅಲ್ಲಿ?"

"ಒಳ್ಳೇ ಮಾತು ಮಾತ್ರ ಆಡ್ಬೇಕು ಅಂತ ಸಾಹೇಬ್ರು ಬರೆದಿದ್ದಾರಲ್ಲ ಸಾರ್. ಒಳ್ಳೇದು ನನ್ನ ಹತ್ರ ಇಲ್ಲ."

ಅವನು ನನ್ನನ್ನು ಅಲ್ಲಿಂದ ತೆಗೆದು, ನಾವು ತಾಯಿ ಮಗಳೆಂಬುದನ್ನು ಮರೆತೋ ಏನೋ, ಕೇರಿಗೇ ಬಾಯಿ ಎಂದು ಹೆಸರಾದ ಪುಟ್ಟಸಿದ್ದಮ್ಮನನ್ನು ಹಾಕಿದ. ಅವ್ವ ಉಣ್ಣೆಯ ಉಂಡೆ ತೆಗೆದುಕೊಂಡು ಹೋಗಿ, ಅಲ್ಲಿ ಕೂತು ಅಪ್ಪನಿಗೆ ಟೋಪಿ ಹೆಣೆದು ಬಂದಳು. "ಅಯ್ಯೋ ಶಿವನೆ, ಅರ್ಧ ಗಂಟೆ ಬಾಯ್ ಮುಚ್ಕಂಡಿರದು ಅಂದ್ರೆ ಸಾಮಾನ್ಯ ಅಲ್ಲ ಕಣೆ. ತುಟಿ ನಡುವೆ ಸೂಜಿ ಇಟ್ಕಂಡಿದ್ದೆ," ಎಂದು ಮನೆಗೆ ಬಂದವಳೇ ಹೇಳಿ ನಕ್ಕಳು. ಎರಡನೆಯ ಗೆರೆ ಬಿದ್ದಿತು.

ಮೂರನೆಯ ಸಲದ ಎಂಟನೆಯ ದಿನ, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ, ಶಾಂತರಾಜು ನನ್ನನ್ನು ಮತ್ತೆ ಅಲ್ಲಿಗೆ ಎಳೆದುಕೊಂಡು ಹೋದ. ಎಂ.ಎ. ಓದಿದವಳು, ಮಾತಿಗೆ ಏನು ಬರ, ತಪ್ಪಿದ್ದರೆ ಮರೆತುಬಿಡು, ಎಂದೆಲ್ಲ ದಾರಿಯುದ್ದಕ್ಕೂ ಗೋಗರೆದ. ತಾನೇ ಮಾತಾಡಿ ನೋಡಿದ್ದನಂತೆ. ಎಂಟು ವರ್ಷದಿಂದ ಬರೀ ಹುಕುಂ ಕೊಟ್ಟ ಬಾಯಿ, ಮನೆ ಒಪ್ಪಲಿಲ್ಲ. ಭಾರ್ಗವರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟು, ಬಾಗಿಲ ಹೊರಗೆ ಹೋಗಿ ನಿಂತ.

"ಹಲೋ, ಕೇಳಿಸ್ತಿದೆಯಾ? ನೀವು ಅಲ್ಲಿದ್ದೀರಾ? ನೋಡಿ, ನಾನು ಇಲ್ಲಿಂದ ಹೊರಟರೂ ಎರಡು ದಿನ ಬೇಕು. ಏನಾದರೂ ಮಾತಾಡಿ."

ಮೇಲಿನ ಬಿಳಿ ಛಾವಣಿಯಲ್ಲಿ ಎಲ್ಲೂ ಸಂದಿರಲಿಲ್ಲ. ಆದರೂ ದೀಪದ ಸುತ್ತ ಒಂದು ಮಂಜು ಕಟ್ಟತೊಡಗಿತು.

"ಆ ಚೀಟಿ ಹರಿದು ಬಿಸಾಕಿ. ಏನು ಬೇಕಾದರೂ ಆಡಿ. ಅಳಿ, ಪರವಾಗಿಲ್ಲ. ಬೈಯಿರಿ ನನ್ನನ್ನ. ಹಲೋ? ನಾನೇನು ತಪ್ಪು ಮಾಡಿದೆ? ದುಡಿದು ತಗೊಂಡ ಮನೆ ಅದು."

ಮೊದಲ ಹಳಕು ಫೋನಿನ ಗಾಜಿನ ಮೇಲೇ ಬಿದ್ದಿತು. ಅವರ ಉಸಿರು ಕೇಳುತ್ತಿತ್ತು. ಒಂದು ಗಳಿಗೆ ಅವರ ಬಗ್ಗೆ ಕನಿಕರವೂ ಬಂತು, ಸುಳ್ಳು ಹೇಳುವುದಿಲ್ಲ. ಅದೂ ಒಂದು ಮಾತಾಗಿ ಗಂಟಲಿಗೆ ಬಂತು. ನುಂಗಿದೆ.

"ನಿಮ್ಮ ಹೆಸರೇನು? ಹೆಸರಾದರೂ ಹೇಳಿ," ಎಂದರು.

ಅದನ್ನು ಒಮ್ಮೆ ಹೇಳಿದ್ದೆ. ಫೋನನ್ನು ಊಟದ ಮೇಜಿನ ಮೇಲೆ ಇಟ್ಟೆ. ಹಿಮ ಈಗ ಸದ್ದಿಲ್ಲದೆ, ದಟ್ಟವಾಗಿ, ಸೋಫಾದ ಮೇಲೆ, ಒಲೆಯ ಮೇಲೆ, ಚೀಟಿಯ ಚೆಂದದ ಅಕ್ಷರಗಳ ಮೇಲೆ ಇಳಿಯುತ್ತಿತ್ತು. ಫೋನಿನೊಳಗಿನ ದನಿ ಹಲೋ ಹಲೋ ಎನ್ನುತ್ತ ಸ್ವಲ್ಪ ಹೊತ್ತು ಅದರಡಿಯಿಂದ ಕೇಳಿಸಿ, ಆಮೇಲೆ ನಿಂತಿತು. ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು, ಶಾಂತರಾಜುವನ್ನು ದಾಟಿ, ಮೆಟ್ಟಿಲಿಳಿದು, ಇಳಿಜಾರಿನುದ್ದಕ್ಕೂ ಓಡಿದೆ. ಹೊಟ್ಟೆಯಲ್ಲಿದ್ದದ್ದು ದಾರಿಯಲ್ಲಿ ಎಲ್ಲೂ ಚೆಲ್ಲದ ಹಾಗೆ ತುಟಿ ಬಿಗಿದುಕೊಂಡೇ ಓಡಿದೆ. ಅವ್ವ ಬಾಗಿಲಲ್ಲಿ, ಕೊಂಬು ಮುರಿದ ಕುರಿಯ ಕೆಳಗೆ ನಿಂತಿದ್ದಳು. ಅವಳ ಹಿಂದೆ ಹೊಸ ಟೋಪಿ ಹಾಕಿಕೊಂಡ ಅಪ್ಪ.

"ಏನಾಯ್ತು, ಹೇಳು," ಎಂದಳು.

ಒಳಗೆ ಕಾಲಿಟ್ಟು, ಬೂಟು ಬಿಚ್ಚುವ ಮುಂಚೆಯೇ ಶುರು ಮಾಡಿದೆ.